ಹಳೇ ಕಂಪ್ಯೂಟರ್ ಸತ್ತಿಲ್ಲ ಸ್ವಾಮಿ, ಡ್ರೈವರ್ ಸಿಕ್ಕಿಲ್ಲ ಅಷ್ಟೇ!

ನಮ್ಮ ಕಡೆ ಒಂದು ಗಾದೆ ಇದೆ. "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ" ಅಂತ. ಈ ಗಾದೆ ಹುಟ್ಟಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ನಿಜ. ಆದರೆ ಹಳೇ ಕಂಪ್ಯೂಟರ್‌ಗೆ ನೆಟ್‌ವರ್ಕ್ ಡ್ರೈವರ್ ಹಾಕೋ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗಲ್ಲ. ಡ್ರೈವರ್ ಇಲ್ಲದೆ ಇಂಟರ್ನೆಟ್ ಬರಲ್ಲ. ಇಂಟರ್ನೆಟ್ ಇಲ್ಲದೆ ಡ್ರೈವರ್ ಸಿಗಲ್ಲ!

ಇದರಲ್ಲಿ ಬರೆಯೋಕೆ ಏನಿದೆ ಅಂತ ಕೇಳ್ತೀರಾ? ಇದೆ. ನಮ್ಮ ಕೊತ್ತಗೆರೆ ಹೋಬಳಿಯಂಥ ಕಡೆ ಒಂದು ಕಂಪ್ಯೂಟರ್ ಬದುಕಬೇಕೋ ಗುಜರಿಗೆ ಹೋಗಬೇಕೋ ಅನ್ನೋದನ್ನ ಬಹಳ ಸಲ ನಿರ್ಧಾರ ಮಾಡೋದು ಈ ಒಂದು ಸಣ್ಣ ಫೈಲು. ಪ್ರೊಸೆಸರ್ ಚೆನ್ನಾಗಿರುತ್ತೆ, ರ‍್ಯಾಮ್ ಚೆನ್ನಾಗಿರುತ್ತೆ, ಮಾನಿಟರ್ ಬೆಳಗುತ್ತೆ. ಆದರೂ "ನೆಟ್ ಬರ್ತಿಲ್ಲ, ಹಳೇದಾಯ್ತು, ಎಸೀರಿ" ಅಂತ ತೀರ್ಪು ಬಂದುಬಿಡುತ್ತೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಇದು ಕಂಪ್ಯೂಟರ್‌ನ ವಯಸ್ಸಿನ ಸಮಸ್ಯೆ ಅಲ್ಲ. ಇದು ನಾವು ಕಂಪ್ಯೂಟರ್ ಕೊಳ್ಳೋ ರೀತಿಯ ಸಮಸ್ಯೆ, ಕಲಿಸೋ ರೀತಿಯ ಸಮಸ್ಯೆ.

ಮೊದಲು ಡ್ರೈವರ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಗೊತ್ತಿದ್ದವರು ಮುಂದಿನ ಪ್ಯಾರಾಕ್ಕೆ ಹೋಗಬಹುದು. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಹೊಸ ಬಸ್ಸು ನಿಂತಿದೆ ಅಂದ್ಕೊಳ್ಳಿ. ಡೀಸೆಲ್ ಇದೆ, ರಸ್ತೆ ಇದೆ, ಪ್ಯಾಸೆಂಜರ್ ಇದ್ದಾರೆ. ಡ್ರೈವರ್ ಬಂದಿಲ್ಲ. ಬಸ್ಸು ಹೋಗುತ್ತಾ? ಇಲ್ಲ. ಬಸ್ಸು ಕೆಟ್ಟಿದೆಯಾ? ಅದೂ ಇಲ್ಲ. ಕಂಪ್ಯೂಟರಿನಲ್ಲೂ ಅಷ್ಟೇ. ನೆಟ್‌ವರ್ಕ್ ಕಾರ್ಡ್ ಅನ್ನೋ ಯಂತ್ರಾಂಗವನ್ನ ಯಾವ ಕ್ರಮದಲ್ಲಿ ನಡೆಸಬೇಕು ಅಂತ ವಿಂಡೋಸ್‌ಗೋ ಲಿನಕ್ಸ್‌ಗೋ ಹೇಳಿಕೊಡೋ ಸಣ್ಣ ತಂತ್ರಾಂಶವೇ ಡ್ರೈವರ್. ಒಂದು ವ್ಯತ್ಯಾಸ ಏನಪ್ಪಾ ಅಂದ್ರೆ, ಬಸ್ ಡ್ರೈವರ್ ಯಾವ ಬಸ್ ಕೊಟ್ರೂ ಓಡಿಸ್ತಾನೆ. ಈ ಡ್ರೈವರ್ ಹಾಗಲ್ಲ. ಈ ಚಿಪ್‌ಗೆ, ಈ ವಿಂಡೋಸ್‌ಗೆ, 32 ಬಿಟ್‌ಗೋ 64 ಬಿಟ್‌ಗೋ ಅಂತ ಹೇಳಿ ಮಾಡಿಸಿದ್ದು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಆಗಲ್ಲ.

ಹಿಂದಿನ ಕಾಲದಲ್ಲಿ ಇದಕ್ಕಿಂತ ಕಷ್ಟ ಇತ್ತು ಅನ್ನೋದನ್ನೂ ಹೇಳಬೇಕು. ಐಎಸ್ಎ ಸ್ಲಾಟಿಗೆ ಹಾಕೋ ಎನ್ಇ2000 ಮಾದರಿಯ ಕಾರ್ಡುಗಳಿದ್ದವು. ಕಾರ್ಡಿನ ಮೇಲಿನ ಸಣ್ಣ ಜಂಪರ್ ಕಿತ್ತು ಹಾಕಿ ಐಆರ್‌ಕ್ಯೂ ನಂಬರು, ಐಓ ವಿಳಾಸ ಕೈಯಾರೆ ಹೊಂದಿಸಬೇಕಿತ್ತು. ಐಆರ್‌ಕ್ಯೂ 3 ಅಂತ ಇಟ್ಟರೆ ಎರಡನೇ ಸೀರಿಯಲ್ ಪೋರ್ಟ್ ಜೊತೆ ಜಗಳ. ಒಂದು ಮನೆಗೆ ಎರಡು ಬೀಗದ ಕೈ ಕೊಟ್ಟು ಇಬ್ಬರು ಯಜಮಾನರನ್ನ ಕಳಿಸಿದ ಹಾಗೆ. ಆಮೇಲೆ ಪಿಸಿಐ ಬಂತು, 1995ರಲ್ಲಿ ವಿಂಡೋಸ್ 95ರ ಜೊತೆ ಪ್ಲಗ್ ಅಂಡ್ ಪ್ಲೇ ಬಂತು. ಜಂಪರ್ ಕಾಟ ತಪ್ಪಿತು. ಆದರೆ ಆ ಕಾಲದಲ್ಲಿ ಕಾರ್ಡಿನ ಮೇಲೆ ಏನಿದೆ ಅಂತ ಕಣ್ಣಿಗೆ ಕಾಣ್ತಿತ್ತು. ಈಗ ಎಲ್ಲಾ ಮದರ್‌ಬೋರ್ಡಿನಲ್ಲೇ ಅಂಟಿಕೊಂಡು ಬರುತ್ತೆ. ಚಿಪ್ ಯಾವುದು ಅಂತ ಕೊಂಡವನಿಗೂ ಗೊತ್ತಿರಲ್ಲ, ಮಾರಿದವನಿಗೂ ಗೊತ್ತಿರಲ್ಲ.

ಈಗ ನಮ್ಮೂರ ಕಡೆಗೆ ಬರೋಣ. ಕುಣಿಗಲ್ ತಾಲೂಕಿನಲ್ಲಿ ಸಾಮಾನ್ಯ ರೈತನಿಗೆ ಕಂಪ್ಯೂಟರ್ ಅನ್ನೋ ವಸ್ತುವಿನ ಪರಿಚಯ ಆಗಿದ್ದೇ ಪಹಣಿಯಿಂದ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ರಾಜ್ಯದ ಎಲ್ಲಾ ತಾಲೂಕು ಕಚೇರಿಗಳಲ್ಲಿ ಕಿಯಾಸ್ಕ್ ಕೂತವು. 15 ರೂಪಾಯಿ ಕೊಟ್ಟರೆ ಪ್ರಿಂಟ್ ಆದ ಪಹಣಿ ಕೈಗೆ. ಆಮೇಲೆ 2006ರ ಹೊತ್ತಿಗೆ ನೆಮ್ಮದಿ ಕೇಂದ್ರಗಳು ಬಂದವು, ರಾಜ್ಯದಲ್ಲಿ ಸುಮಾರು 800, ಹೋಬಳಿ ಮಟ್ಟದಲ್ಲಿ. 2012ರ ಕೊನೆಗೆ ಅಟಲ್‌ಜೀ ಜನಸ್ನೇಹಿ ಕೇಂದ್ರ ಅಂತ ನಾಡಕಚೇರಿಯಲ್ಲೇ ಕೂತವು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಎಲ್ಲಾ ಅಲ್ಲೇ. ಅಂದ್ರೆ ಹಳ್ಳಿಯವನ ಬದುಕು ಒಂದು ನೀಲಿ ಕೇಬಲ್ಲಿನ ತುದಿಗೆ ಕಟ್ಟಿಕೊಂಡು ಇಪ್ಪತ್ತು ವರ್ಷದ ಮೇಲಾಯ್ತು.

ಈ ಇಪ್ಪತ್ತು ವರ್ಷದಲ್ಲಿ ನಮ್ಮ ಜನ ಕಲಿತ ಒಂದೇ ತಾಂತ್ರಿಕ ವಾಕ್ಯ ಯಾವುದು ಗೊತ್ತಾ? "ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ."

ಈ "ನೆಟ್‌ವರ್ಕ್ ಇಲ್ಲ" ಅನ್ನೋ ಮಾತಿನೊಳಗೆ ಎಷ್ಟು ವಿಷಯ ಅಡಗಿದೆ ನೋಡಿ. ಬೆಂಗಳೂರಿನ ಸರ್ವರ್ ನಿಂತಿರಬಹುದು. ರಸ್ತೆ ಅಗೆಯುವಾಗ ಕೇಬಲ್ ಕಿತ್ತಿರಬಹುದು. ಮೋಡೆಮ್ ಕೆಟ್ಟಿರಬಹುದು. ಕೇಬಲ್ಲನ್ನ ಇಲಿ ಕಡಿದಿರಬಹುದು. ಕಾರ್ಡ್ ಸತ್ತಿರಬಹುದು. ಅಥವಾ ನಿನ್ನೆ ಯಾರೋ ವಿಂಡೋಸ್ ಫಾರ್ಮ್ಯಾಟ್ ಮಾಡಿ ನೆಟ್‌ವರ್ಕ್ ಡ್ರೈವರ್ ಹಾಕದೇ ಎದ್ದು ಹೋಗಿರಬಹುದು. ಮೊದಲ ಎರಡಕ್ಕೆ ನಾವು ಏನೂ ಮಾಡೋಕೆ ಆಗಲ್ಲ. ಕೊನೆಯದಕ್ಕೆ ಅರ್ಧ ಗಂಟೆ ಸಾಕು. ಆದರೆ ಎಲ್ಲಕ್ಕೂ ಒಂದೇ ಹೆಸರು ಇಟ್ಟುಬಿಟ್ಟರೆ ಎಲ್ಲವೂ ದೈವೇಚ್ಛೆ ಆಗಿಬಿಡುತ್ತೆ. ಜ್ವರ, ನೆಗಡಿ, ಕಾಮಾಲೆ ಎಲ್ಲಕ್ಕೂ "ಮೈ ಸರಿ ಇಲ್ಲ" ಅಂತ ಒಂದೇ ಮಾತು ಹೇಳೋ ಡಾಕ್ಟರ್ ಹತ್ರ ನೀವು ಹೋಗ್ತೀರಾ?

ನಮ್ಮ ಹೋಬಳಿಯ ಒಂದು ಶಾಲೆ. ಹೆಸರು ಬೇಡ ಬಿಡಿ. ಬೆಂಗಳೂರಿನ ಯಾವುದೋ ಆಫೀಸಿನವರು ತಾವು ಉಪಯೋಗಿಸಿ ಬಿಟ್ಟ ಆರು ಕಂಪ್ಯೂಟರ್ ಕೊಟ್ಟಿದ್ದರು. ಹಾರ್ಡ್‌ಡಿಸ್ಕ್ ಅಳಿಸಿ ಕೊಟ್ಟಿದ್ದರು, ಅದು ಸರಿಯಾದ ಕ್ರಮವೇ. ಪಟ್ಟಣದಿಂದ ಬಂದ ರಿಪೇರಿಯವನು ವಿಂಡೋಸ್ 7 ಹಾಕಿದ. ನೆಟ್ ಬರಲಿಲ್ಲ. "ಆರಕ್ಕೂ ಲ್ಯಾನ್ ಹೋಗಿದೆ ಸಾರ್, ಬೋರ್ಡ್ ಚೇಂಜ್ ಮಾಡಬೇಕು, ಅದರ ಬದಲು ಹೊಸದೇ ತಗೊಳ್ಳಿ" ಅಂದನಂತೆ. ಹೆಡ್ ಮೇಷ್ಟ್ರು ಪಾಪ, ಅವನ್ನೆಲ್ಲ ಸ್ಟೋರ್ ರೂಮಿನಲ್ಲಿ ಬಿಸಿಯೂಟದ ಅಕ್ಕಿ ಮೂಟೆ ಪಕ್ಕ ಇಡಿಸಿದ್ದರು. ನಾನು ಊರಿಗೆ ಹೋದಾಗ ಹೀಗೇ ಮಾತಿಗೆ ಬಂತು.

"ಮೇಷ್ಟ್ರೇ, ಆರೂ ಬೋರ್ಡಿನ ಲ್ಯಾನ್ ಒಟ್ಟಿಗೇ ಹೋಯ್ತಾ? ಸಿಡಿಲು ಹೊಡೆದಿತ್ತಾ?" ಅಂದೆ.

"ಇಲ್ಲಪ್ಪ, ಕರೆಂಟೇ ಇರಲಿಲ್ಲ ಆ ವಾರ. ಸಿಡಿಲೆಲ್ಲಿಂದ ಬರಬೇಕು!" ಅಂದರು.

ಅಲ್ಲೇ ಗೊತ್ತಾಯ್ತು. ಒಂದು ಹೋಗಿದ್ದರೆ ಬೋರ್ಡು. ಆರಕ್ಕೆ ಆರೂ ಹೋಗಿದ್ದರೆ ಅದು ಡ್ರೈವರ್. ವಿಂಡೋಸ್ 7 ಬಂದಿದ್ದು 2009ರಲ್ಲಿ. ಆ ಕಂಪ್ಯೂಟರ್‌ಗಳು 2013ರ ಆಚೆಯವು. ತಾನು ಹುಟ್ಟಿದ ಮೇಲೆ ಬಂದ ಚಿಪ್ಪಿನ ಹೆಸರು ಆ ವಿಂಡೋಸ್ ಡಿವಿಡಿಗೆ ಹೇಗೆ ಗೊತ್ತಿರಬೇಕು? ಪೆನ್‌ಡ್ರೈವಿನಲ್ಲಿ ಇಂಟೆಲ್ ಡ್ರೈವರ್ ತಂದು ಹಾಕಿದ್ದಕ್ಕೆ ಆರರಲ್ಲಿ ಐದು ಹತ್ತೇ ನಿಮಿಷದಲ್ಲಿ ಎದ್ದು ಕೂತವು. ಆರನೆಯದರ ಪವರ್ ಸಪ್ಲೈ ನಿಜವಾಗಲೂ ಹೋಗಿತ್ತು. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿಯಲ್ಲೇ ನಿಂತಿರೋದರಿಂದ ಆಮೇಲೆ ಅವಕ್ಕೆ ಲಿನಕ್ಸ್ ಹಾಕಿದ್ದಾಯ್ತು. ತಮಾಷೆ ಏನು ಅಂದ್ರೆ ಅಲ್ಲಿ ಡ್ರೈವರ್ ಹುಡುಕೋ ಕೆಲಸವೇ ಇರಲಿಲ್ಲ, ಕೇಬಲ್ ಚುಚ್ಚಿದ ತಕ್ಷಣ ನೆಟ್ ಬಂತು.

ಇದನ್ನ ದೊಡ್ಡ ಸಾಹಸ ಅಂತ ಹೇಳ್ತಿಲ್ಲ. ಹತ್ತನೇ ಕ್ಲಾಸಿನ ಹುಡುಗ ಮಾಡೋ ಕೆಲಸ ಇದು. ಅದಕ್ಕೇ ನನಗೆ ಬೇಜಾರು. ಹತ್ತನೇ ಕ್ಲಾಸಿನ ಹುಡುಗ ಮಾಡಬಹುದಾದ್ದನ್ನ ನಾವು ಯಾಕೆ ಕಲಿಸಿಲ್ಲ?

ಕಲಿಸಬೇಕಾದ್ದು ಬಹಳ ಇಲ್ಲ ಕಣ್ರೀ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆಗೆಯಿರಿ. "ಈಥರ್ನೆಟ್ ಕಂಟ್ರೋಲರ್" ಅಂತ ಹಳದಿ ಗುರುತಿನ ಜೊತೆ ಕಾಣುತ್ತಾ? ಹಾಗಾದ್ರೆ ಖುಷಿ ಪಡಿ, ಕಾರ್ಡ್ ಬದುಕಿದೆ, ಡ್ರೈವರ್ ಮಾತ್ರ ಇಲ್ಲ. ನಿಜವಾಗಿ ಸತ್ತ ಕಾರ್ಡು ಸಾಮಾನ್ಯವಾಗಿ ಅಲ್ಲಿ ಕಾಣಿಸೋದೇ ಇಲ್ಲ. ಆದರೆ ಬಯೋಸ್‌ನಲ್ಲಿ ಆಫ್ ಮಾಡಿದ್ದರೂ ಕಾಣಲ್ಲ, ಅದನ್ನೂ ಒಂದು ಸಲ ನೋಡಿ. ಹಳದಿ ಗುರುತಿನ ಮೇಲೆ ಎರಡು ಸಲ ಒತ್ತಿ, ಡೀಟೇಲ್ಸ್‌ಗೆ ಹೋಗಿ, ಹಾರ್ಡ್‌ವೇರ್ ಐಡಿ ಅಂತ ಆರಿಸಿ. ಅಲ್ಲಿ "ವೆನ್" ಅಂತ ಆದ ಮೇಲೆ ನಾಲ್ಕು ಅಕ್ಷರ, "ಡೆವ್" ಅಂತ ಆದ ಮೇಲೆ ನಾಲ್ಕು ಅಕ್ಷರ ಇರುತ್ತೆ. ಮೊದಲನೆಯದು ತಯಾರಕರ ಗೋತ್ರ, ಎರಡನೆಯದು ಚಿಪ್ಪಿನ ನಕ್ಷತ್ರ. ಇವೆರಡು ಸಿಕ್ಕರೆ ಜಾತಕ ಸಿಕ್ಕಿತು ಅಂತಲೇ ಲೆಕ್ಕ.

8086 ಅಂದರೆ ಇಂಟೆಲ್ (1978ರಲ್ಲಿ ಬಂದ ತಮ್ಮ ಪ್ರೊಸೆಸರ್ ಹೆಸರನ್ನೇ ನಂಬರ್ ಮಾಡ್ಕೊಂಡಿದ್ದಾರೆ!). 10ಇಸಿ ಅಂದರೆ ರಿಯಲ್‌ಟೆಕ್. 14ಇ4 ಬ್ರಾಡ್‌ಕಾಮ್. 1106 ವಿಐಎ. 1039 ಸಿಸ್. 10ಡಿಇ ಎನ್‌ವಿಡಿಯಾ. 168ಸಿ ಅಥೆರಾಸ್. 11ಎಬಿ ಮಾರ್ವೆಲ್. ನಮ್ಮ ಕಡೆಯ ಅಸೆಂಬಲ್ಡ್ ಡಬ್ಬಗಳಲ್ಲಿ ನನಗೆ ಹೆಚ್ಚಾಗಿ ಸಿಕ್ಕಿರೋದು ರಿಯಲ್‌ಟೆಕ್. ಅದರಲ್ಲಿ 8139 ಅಂದರೆ ಹಳೇ 100 ಎಂಬಿಪಿಎಸ್ ಚಿಪ್ಪು. ಇದರ ಡ್ರೈವರ್ ವಿಂಡೋಸ್ ಎಕ್ಸ್‌ಪಿಯಲ್ಲೇ ಇತ್ತು, ಲಿನಕ್ಸ್‌ನಲ್ಲೂ ಇದೆ. 8168 ಅಂದರೆ ಆಮೇಲೆ ಬಂದ ಗಿಗಾಬಿಟ್ ಚಿಪ್ಪು. ಇದು ಎಕ್ಸ್‌ಪಿಗೆ ಗೊತ್ತಿಲ್ಲ, ಬೇರೆ ಹಾಕಬೇಕು. ಎರಡಕ್ಕೂ "ರಿಯಲ್‌ಟೆಕ್ ಡ್ರೈವರ್" ಅಂತ ಹುಡುಕಿ ಸಿಕ್ಕಿದ್ದನ್ನ ಹಾಕಿದರೆ ಆಗಲ್ಲ. ಗಂಡಿನ ಜಾತಕ ಬಿಟ್ಟು ಅವರಣ್ಣನ ಜಾತಕ ತೋರಿಸಿದ ಹಾಗಾಗುತ್ತೆ.

ಈ ಐಡಿಯನ್ನ ಚೀಟಿಯಲ್ಲಿ ಬರ್ಕೊಂಡು, ನೆಟ್ ಇರೋ ಇನ್ನೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಲ್ಲಿ ಹಾಕಿ ಹುಡುಕಿದರೆ ಬಹಳಷ್ಟು ಸಲ ಡ್ರೈವರ್ ಸಿಗುತ್ತೆ. ಇಲ್ಲವೇ ಚಿಪ್ ಮಾಡಿದವರ ಅಥವಾ ಬೋರ್ಡ್ ಮಾಡಿದವರ ತಾಣ. ದಯವಿಟ್ಟು "ಉಚಿತ ಡ್ರೈವರ್ ಅಪ್‌ಡೇಟರ್" ಅಂತ ಮಿಣಮಿಣ ಮಿನುಗೋ ಜಾಹೀರಾತು ಒತ್ತಬೇಡಿ. ಒಂದು ಡ್ರೈವರ್ ತರೋಕೆ ಹೋಗಿ ಹತ್ತು ವೈರಸ್ ಮನೆಗೆ ಕರ್ಕೊಂಡು ಬಂದವರನ್ನ ಕಂಡಿದ್ದೀನಿ. ಇನ್ನೊಂದು ಸುಲಭ ದಾರಿ: ಆಂಡ್ರಾಯ್ಡ್ ಫೋನನ್ನ ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡೋದು. ವಿಂಡೋಸ್ 10ರಲ್ಲಿ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಯಾವ ಡ್ರೈವರೂ ಕೇಳದೆ ನೆಟ್ ಬರುತ್ತೆ. ಆ ನೆಟ್‌ನಿಂದ ಕಾರ್ಡಿನ ಡ್ರೈವರ್ ಇಳಿಸ್ಕೊಳ್ಳಿ. ಹುಚ್ಚೂ ಬಿಡ್ತು, ಮದುವೇನೂ ಆಯ್ತು.

ಡ್ರೈವರ್ ಹಾಕಿದ ಮೇಲೂ ಕೆಲಸ ಮುಗಿಯಲ್ಲ. ಕೆಲವು ಸಲ ನೆಟ್ ಬರುತ್ತೆ, ಆದರೆ ಎತ್ತಿನಗಾಡಿ ಥರ. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಕಾರ್ಡಿನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ "ಸ್ಪೀಡ್ ಅಂಡ್ ಡುಪ್ಲೆಕ್ಸ್" ಅಂತ ಇರುತ್ತೆ. ಎರಡು ಕಡೆಯೂ "ಆಟೋ" ಇದ್ದರೆ ಕಾರ್ಡು, ಸ್ವಿಚ್ಚು ತಾವೇ ಮಾತಾಡಿಕೊಂಡು ಒಪ್ಪಂದಕ್ಕೆ ಬರ್ತವೆ. ಯಾರೋ ಜಾಣತನ ಮಾಡಿ ಕಾರ್ಡಿನಲ್ಲಿ ಮಾತ್ರ "100 ಫುಲ್ ಡುಪ್ಲೆಕ್ಸ್" ಅಂತ ಕಟ್ಟಿಹಾಕಿದರು ಅಂದ್ಕೊಳ್ಳಿ. ಆಗ ಕಾರ್ಡು ಮಾತುಕತೆ ನಿಲ್ಲಿಸಿಬಿಡುತ್ತೆ. ಆ ಕಡೆಯ ಸ್ವಿಚ್ಚಿಗೆ ವೇಗ ಗೊತ್ತಾಗುತ್ತೆ, ಡುಪ್ಲೆಕ್ಸ್ ಗೊತ್ತಾಗಲ್ಲ. ಗೊತ್ತಾಗದಿದ್ದಾಗ ಅದು ಹಾಫ್ ಡುಪ್ಲೆಕ್ಸ್ ಅಂತ ಅಂದ್ಕೊಳ್ಳಬೇಕು ಅನ್ನೋದು ನಿಯಮ. ಒಂದು ಕಡೆಯವನು ಇದು ಜೋಡಿ ರಸ್ತೆ ಅಂತ ನುಗ್ತಾನೆ, ಎದುರಿನವನು ಇದು ಒಂಟಿ ಸೇತುವೆ ಅಂತ ಕಾಯ್ತಾನೆ. ಡಿಕ್ಕಿ ಮೇಲೆ ಡಿಕ್ಕಿ! ಸ್ವಲ್ಪ ಡೇಟಾ ಹೋದಾಗ ಸರಿ ಇರುತ್ತೆ, ದೊಡ್ಡ ಫೈಲ್ ಕಳಿಸಿದಾಗ ನರಳುತ್ತೆ. ಮದ್ದು ಸುಲಭ, ಎರಡೂ ಕಡೆ ಆಟೋ ಇಡಿ.

ಇದಕ್ಕೆ ಒಂದು ವಿನಾಯಿತಿಯೂ ಇದೆ. ಈಥರ್ನೆಟ್ ಕೇಬಲ್ಲಿಗೆ 100 ಮೀಟರ್ ಮಿತಿ. ನಮ್ಮ ಕಡೆ ಹಳ್ಳಿ ಕಟ್ಟಡಗಳಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಮರದ ಮೇಲೆ, ಹೆಂಚಿನ ಮೇಲೆ ಎಳೆದಿರ್ತಾರೆ. ಮಿತಿ ಮೀರಿದ ಅಂಥ ಕಡೆ ವೇಗವನ್ನ 10 ಎಂಬಿಪಿಎಸ್‌ಗೆ ಇಳಿಸಿದರೆ ಕೆಲವು ಸಲ ಲಿಂಕ್ ನಿಲ್ಲುತ್ತೆ. ಅರ್ಜಿ ತುಂಬೋಕೆ 10 ಸಾಕು. ಮಧ್ಯೆ ಒಂದು ಸ್ವಿಚ್ ಇಡೋದೇ ಸರಿಯಾದ ಮದ್ದು ಅನ್ನೋದು ಬೇರೆ ಮಾತು.

ಮತ್ತೆ ಎರಡು. ಸ್ವಲ್ಪ ಹೊತ್ತು ಬಿಟ್ಟು ಬಂದರೆ ನೆಟ್ ಹೋಗಿರುತ್ತಾ? ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ "ಕರೆಂಟ್ ಉಳಿಸೋಕೆ ಈ ಸಾಧನ ಆಫ್ ಮಾಡಬಹುದು" ಅಂತ ಇರೋ ಟಿಕ್ ತೆಗೀರಿ. ಐಪಿ ವಿಳಾಸ 169.254 ಅಂತ ಶುರುವಾಗುತ್ತಾ? ಹಾಗಾದ್ರೆ ಕಾರ್ಡು, ಡ್ರೈವರು ಎರಡೂ ಎದ್ದಿವೆ ಅಂತ ಅರ್ಥ. ರೂಟರಿನಿಂದ ವಿಳಾಸ ಸಿಗದೆ ಕಂಪ್ಯೂಟರ್ ತನಗೆ ತಾನೇ ಒಂದು ವಿಳಾಸ ಕೊಟ್ಟುಕೊಂಡಿದೆ. ಅಲ್ಲಿಂದ ಮುಂದೆ ಕೇಬಲ್ ನೋಡಿ, ರೂಟರ್ ನೋಡಿ. ಡ್ರೈವರ್ ತೆಗೆದು ಹಾಕಿ ಟೈಮ್ ವೇಸ್ಟ್ ಮಾಡಬೇಡಿ.

ಇಷ್ಟೇ! ಇದನ್ನ ಎರಡು ಪೀರಿಯಡ್‌ನಲ್ಲಿ ಕಲಿಸಬಹುದು. ಆದರೆ ನಮ್ಮ ಕಂಪ್ಯೂಟರ್ ಪಾಠ ಏನು ಕಲಿಸಿದೆ? "ಕಂಪ್ಯೂಟರ್‌ನ ಪಿತಾಮಹ ಯಾರು? ಚಾರ್ಲ್ಸ್ ಬ್ಯಾಬೇಜ್." ಬ್ಯಾಬೇಜ್ ಬಗ್ಗೆ ನನಗೆ ಗೌರವ ಇದೆ. ಆದರೆ ಎದುರಿಗಿರೋ ಡಬ್ಬದೊಳಗೆ ಯಾವ ಚಿಪ್ ಇದೆ ಅಂತ ಓದೋಕೆ ಬರದ ಹುಡುಗನಿಗೆ ಬ್ಯಾಬೇಜ್ ಏನು ಮಾಡಿಕೊಡ್ತಾನೆ?

ಇನ್ನು ಕೊಳ್ಳೋ ವಿಷಯ. 2001ರ ಸುಮಾರಿಗೆ ಮಾಹಿತಿ ಸಿಂಧು ಅಂತ ರಾಜ್ಯದ ಸುಮಾರು ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. ಆಮೇಲೆ ಕೇಂದ್ರದ ಐಸಿಟಿ ಯೋಜನೆ. ಖಾಸಗಿ ಕಂಪನಿಯೇ ಲ್ಯಾಬ್ ಕಟ್ಟಿ, ಐದು ವರ್ಷ ನಡೆಸಿ, ಕೊನೆಗೆ ಶಾಲೆಗೆ ಒಪ್ಪಿಸಿ ಹೋಗೋ ಪದ್ಧತಿ. ಒಪ್ಪಿಸೋದು ಅಂದ್ರೇನು? ಮೇಜು 10, ಕುರ್ಚಿ 20, ಕಂಪ್ಯೂಟರ್ 10, ಯುಪಿಎಸ್ 1 ಅಂತ ಸ್ಟಾಕ್ ಬುಕ್ಕಿನಲ್ಲಿ ಬರೆದು ಸಹಿ ಹಾಕೋದು. ಆ ಕಂಪ್ಯೂಟರ್‌ಗಳ ಡ್ರೈವರ್ ಸಿಡಿ ಎಲ್ಲಿ? ಯಾವ ಚಿಪ್? ಯಾವ ಪಾಸ್‌ವರ್ಡ್? ಗುತ್ತಿಗೆ ಮೇಲೆ ಇದ್ದ ಕಂಪ್ಯೂಟರ್ ಟೀಚರ್ ತಲೆಯಲ್ಲಿ ಇತ್ತೇನೋ, ಅವರೂ ಹೋದರು. ಗಾಡಿ ಒಪ್ಪಿಸಿ ಕೀ ತಗೊಂಡು ಹೋದ ಹಾಗೆ. ಟ್ರ್ಯಾಕ್ಟರ್ ಕೊಳ್ಳೋವಾಗ ಆರ್‌ಸಿ ಬುಕ್ ಕೇಳದ ರೈತ ಯಾರಾದರೂ ಇದ್ದಾನಾ? ಸರ್ಕಾರಿ ದುಡ್ಡಿನಲ್ಲಿ ಕೊಳ್ಳೋ ಕಂಪ್ಯೂಟರ್‌ಗೆ ಮಾತ್ರ ಯಾಕೆ ಈ ಉದಾರತೆ?

"ಸಿಡಿ ಹೋದ್ರೆ ಏನಂತೆ, ಕಂಪನಿ ತಾಣದಲ್ಲಿ ಇರುತ್ತಲ್ಲ" ಅಂತ ಕೆಲವರು ಅಂತಾರೆ. ಇರುತ್ತೆ, ಅವರು ಇಟ್ಟಿರೋವರೆಗೆ. 2019ರ ನವೆಂಬರ್‌ನಲ್ಲಿ ಇಂಟೆಲ್‌ನಂಥ ಇಂಟೆಲ್ಲೇ ತನ್ನ ಹಳೇ ಬೋರ್ಡುಗಳ ಬಯೋಸ್, ಡ್ರೈವರ್ ಫೈಲುಗಳನ್ನ ತಾಣದಿಂದ ತೆಗೆದುಹಾಕಲು ಶುರು ಮಾಡಿತು. ದುಡ್ಡು ಕೊಟ್ಟು ಕೊಂಡ ವಸ್ತು ನಮ್ಮ ಮನೆಯಲ್ಲಿದೆ, ಅದರ ಪ್ರಾಣ ಮಾತ್ರ ಏಳು ಸಮುದ್ರದಾಚೆ ಗಿಳಿಯ ಒಳಗಿದೆ. ಅಜ್ಜಿ ಕಥೆಯಲ್ಲಿ ರಾಕ್ಷಸನಿಗೆ ಹೀಗಿರ್ತಿತ್ತು. ಇಲ್ಲಿ ನಮಗೇ ಹೀಗಾಗಿದೆ.

ಇದಕ್ಕೆ ಪಕ್ಕಾ ಎದುರು ಇರೋ ಕಥೆ ಹೇಳ್ತೀನಿ. 1994ರಲ್ಲಿ ಅಮೆರಿಕದ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಅನ್ನೋ ಇಬ್ಬರು ಹದಿನಾರು ಸಾಮಾನ್ಯ 486 ಪಿಸಿಗಳನ್ನ ಈಥರ್ನೆಟ್‌ನಿಂದ ಜೋಡಿಸಿ ಬೇವುಲ್ಫ್ ಅನ್ನೋ ಅಗ್ಗದ ಸೂಪರ್ ಕಂಪ್ಯೂಟರ್ ಕಟ್ಟಿದರು. ಜೋಡಿಸಬೇಕು ಅಂದ್ರೆ ಲಿನಕ್ಸ್‌ಗೆ ನೆಟ್‌ವರ್ಕ್ ಡ್ರೈವರ್ ಬೇಕಲ್ಲ? ಬೆಕರ್ ಒಂದಾದ ಮೇಲೊಂದು ಕಾರ್ಡಿಗೆ ಡ್ರೈವರ್ ಬರೆದು ಎಲ್ಲರಿಗೂ ತೆರೆದಿಟ್ಟರು. ಆಮೇಲೆ ಬಂದವರು ಅದನ್ನೇ ತಿದ್ದಿ ಬೆಳೆಸಿದರು. ನಮ್ಮೂರ ಡಬ್ಬದಲ್ಲಿ 8139 ಕಾರ್ಡು ಲಿನಕ್ಸ್‌ನಲ್ಲಿ ಮಾತಾಡೋದರ ಹಿಂದೆ ಆ ವಂಶದ ಡ್ರೈವರ್ ಇದೆ. ಕಂಪನಿ ಮುಚ್ಚಲಿ, ತಾಣ ಅಳಿಸಲಿ, ಆ ಡ್ರೈವರ್‌ನ ಮೂಲ ಎಲ್ಲರ ಹತ್ತಿರ ಇದೆ. ಎನ್‌ವಿಡಿಯಾದವರು ತಮ್ಮ ಎನ್‌ಫೋರ್ಸ್ ಚಿಪ್ಪಿನ ವಿವರ ಕೊಡದಿದ್ದಾಗ, 2003ರಲ್ಲಿ ಕೆಲವರು ಆ ಗುಟ್ಟನ್ನ ತಾವೇ ಬಿಡಿಸಿ ಲಿನಕ್ಸ್‌ಗೆ ಡ್ರೈವರ್ ಬರೆದುಬಿಟ್ಟರು. ಅದಕ್ಕೆ ಫೋರ್ಸ್‌ಡೆತ್ ಅಂತ ಹೆಸರು! ಗುಟ್ಟು ಮಾಡಿದವರ ಡ್ರೈವರ್ ಅವರ ಜೊತೆ ಸಾಯುತ್ತೆ, ಹಂಚಿಕೊಂಡವರದ್ದು ಉಳಿಯುತ್ತೆ. ನನ್ನ ವಾದದ ತಿರುಳೇ ಇದು.

"ಇದೆಲ್ಲ ನಾಸಾದವರಿಗೆ ಸರಿ, ನಮ್ಮ ಶಾಲೆ ಮೇಷ್ಟ್ರಿಗೆ ಆಗುತ್ತಾ" ಅಂತೀರಾ? ಆಗುತ್ತೆ. ದೂರ ಹೋಗಬೇಡಿ, ಕಾಸರಗೋಡಿನ ಕನ್ನಡ ಶಾಲೆಗಳನ್ನ ನೋಡಿ. ಅವು ಕೇರಳ ಸರ್ಕಾರದ ವ್ಯವಸ್ಥೆಯಲ್ಲಿ ಇರೋದರಿಂದ ಅಲ್ಲಿನ ಐಟಿ ಅಟ್ ಸ್ಕೂಲ್, 2017ರಿಂದ ಕೈಟ್ ಅಂತ ಆಗಿರೋ ಸಂಸ್ಥೆ ಸಿದ್ಧ ಮಾಡಿಕೊಟ್ಟ ಗ್ನು-ಲಿನಕ್ಸ್ ಉಪಯೋಗಿಸ್ತವೆ. ಕನ್ನಡ ಮಾಧ್ಯಮದವರಿಗೆ ಐಸಿಟಿ ಪಠ್ಯ ಕನ್ನಡದಲ್ಲೇ ಇದೆ. 2019ರಲ್ಲಿ ಕೇರಳ ತನ್ನ ಶಾಲೆಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೊಸ ಆವೃತ್ತಿ ಹಾಕೋ ಕೆಲಸ ಕೈಗೆತ್ತಿಕೊಂಡಿತು. ಅಲ್ಲಿ ಕೂತಿರೋದು ನಮ್ಮ ನಿಮ್ಮಂಥ ಮೇಷ್ಟ್ರುಗಳೇ ಅಲ್ವಾ? ನಮ್ಮಲ್ಲೂ ಪ್ರಯತ್ನ ಆಗಿಲ್ಲ ಅಂತಲ್ಲ. ಸಬ್ಜೆಕ್ಟ್ ಟೀಚರ್ ಫೋರಂ ಅಂತ ಪ್ರೌಢಶಾಲೆ ಶಿಕ್ಷಕರಿಗೆ ಉಬುಂಟು ಕಲಿಸಿದರು, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂತ ಕನ್ನಡದಲ್ಲೇ ಪಾಠ ಸಾಮಗ್ರಿ ಕೂಡಿಸಿದರು. ಒಳ್ಳೆ ಕೆಲಸ. ಆದರೆ ಪ್ರತಿ ಶಾಲೆಯ ಪ್ರತಿ ಡಬ್ಬದವರೆಗೂ ಅದು ಬರಬೇಕಿತ್ತು.

ಈಗ ಈ ಮಾತು ಯಾಕೆ ಎತ್ತಿದೆ ಅಂದ್ರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬೇಕು ಅಂದ್ರೆ ಟಿಪಿಎಂ 2.0 ಇರಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಇದರಿಂದ ಬೆಂಗಳೂರಿನ ಆಫೀಸುಗಳಲ್ಲಿ ಚೆನ್ನಾಗಿ ಕೆಲಸ ಮಾಡೋ ಎಷ್ಟೋ ಕಂಪ್ಯೂಟರ್ ಹೊರಗೆ ಬೀಳುತ್ತೆ. ಕೆಲವು ಎಸ್‌ಪಿ ರೋಡಿಗೆ, ಕೆಲವು ಗುಜರಿಗೆ, ಕೆಲವು "ದಾನ" ಅಂತ ನಮ್ಮ ಕಡೆಯ ಶಾಲೆಗಳಿಗೆ. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಎಸೆಯೋದಾದರೆ ಹೇಗೆ ಎಸೀಬೇಕು ಅಂತ ಅದರಲ್ಲಿದೆ. ಆದರೆ ಎಸೆಯದೇ ಇರೋದು ಹೇಗೆ ಅನ್ನೋದನ್ನ ನಾವೇ ಕಲೀಬೇಕು. ಡ್ರೈವರ್ ಗೊತ್ತಿದ್ದ ಊರಿಗೆ ಇದು ಲಾಟರಿ. ಗೊತ್ತಿಲ್ಲದ ಊರಿಗೆ ಇದು ಬೆಂಗಳೂರಿನವರ ಕಸ.

ಎದುರು ವಾದಗಳೂ ಇವೆ, ಅವನ್ನ ಬಿಟ್ಟು ಮಾತಾಡೋದು ನ್ಯಾಯ ಅಲ್ಲ. ಒಂದು, ಹಳೇ ಕಂಪ್ಯೂಟರ್ ಕರೆಂಟ್ ತಿನ್ನುತ್ತೆ. ಹೌದು, ಪೆಂಟಿಯಂ 4 ಡಬ್ಬಕ್ಕೆ ಹಳೇ ಕೊಳವೆ ಮಾನಿಟರ್ ಸೇರಿಸಿ ಉಳಿಸಬೇಕು ಅಂತ ನಾನೂ ಹೇಳಲ್ಲ. ಅದೂ ಅಲ್ಲದೆ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಎಲ್ಲಾದಕ್ಕೂ ಒಂದು ಕೊನೆ ಇರುತ್ತೆ. ಎರಡು, ಹಳೇ ವಿಂಡೋಸ್ ನೆಟ್‌ಗೆ ಹಾಕೋದು ಅಪಾಯ. ಇದು ನೂರಕ್ಕೆ ನೂರು ನಿಜ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಂತಿದೆ. ಎಕ್ಸ್‌ಪಿಗೆ ಡ್ರೈವರ್ ಹುಡುಕಿ ಇಂಟರ್ನೆಟ್‌ಗೆ ಬಿಡಿ ಅಂತ ನಾನು ಹೇಳ್ತಿಲ್ಲ, ಹಳೇ ಯಂತ್ರಕ್ಕೆ ಹೊಸ ಲಿನಕ್ಸ್ ಹಾಕಿ ಅಂತಿದ್ದೀನಿ. ಅಲ್ಲೂ ಕೆಲವು ವೈಫೈ ಚಿಪ್ಪುಗಳಿಗೆ ಫರ್ಮ್‌ವೇರ್ ಬೇಕು, ಆದರೆ 2023ರ ಡೆಬಿಯನ್ 12ರಿಂದ ಅದೂ ಇನ್‌ಸ್ಟಾಲರ್ ಜೊತೆಗೇ ಬರ್ತಿದೆ. ಮೂರು, "ಎಲ್ಲರ ಕೈಲೂ ಮೊಬೈಲ್ ಇದೆ, ಕಂಪ್ಯೂಟರ್ ಯಾಕೆ?" ಅಂತಾರೆ. ಸ್ವಾಮೀ, ಮೊಬೈಲ್‌ನಲ್ಲಿ ನೋಡಬಹುದು. ಕೂತು ಹತ್ತು ಪುಟ ಕನ್ನಡ ಟೈಪ್ ಮಾಡೋಕೆ, ಲೆಕ್ಕದ ಹಾಳೆ ಮಾಡೋಕೆ, ಪ್ರೋಗ್ರಾಂ ಬರೆಯೋಕೆ ಕೀಬೋರ್ಡೇ ಬೇಕು. ಬೆಂಗಳೂರಿನ ಮಗುವಿಗೆ ಲ್ಯಾಪ್‌ಟಾಪ್, ಕೊತ್ತಗೆರೆ ಮಗುವಿಗೆ ಅಪ್ಪನ ಒಡೆದ ಮೊಬೈಲ್ ಸಾಕು ಅನ್ನೋದು ಯಾವ ನ್ಯಾಯ?

ಹಾಗಾದ್ರೆ ಏನು ಮಾಡಬೇಕು ಅಂತ ನನ್ನ ಲೆಕ್ಕ ಇಷ್ಟು.

ಸರ್ಕಾರ ಕಂಪ್ಯೂಟರ್ ಟೆಂಡರ್ ಕರೆಯೋವಾಗ ಒಂದು ಸಾಲು ಸೇರಿಸಲಿ: ಇದರ ನೆಟ್‌ವರ್ಕ್ ಚಿಪ್ಪಿಗೆ ಮುಕ್ತ ಡ್ರೈವರ್ ಇರಬೇಕು, ಮತ್ತು ಎಲ್ಲಾ ಡ್ರೈವರ್ ಫೈಲುಗಳನ್ನ ಖರೀದಿಸಿದ ಇಲಾಖೆಗೆ ಒಪ್ಪಿಸಬೇಕು. ಖರ್ಚು ಸೊನ್ನೆ. ಇಲಾಖೆ ಅದನ್ನ ತನ್ನದೇ ತಾಣದಲ್ಲಿ ಇಡಲಿ.

ದಾನ ಕೊಡೋ ಕಂಪನಿಯವರು ಡಬ್ಬದ ಜೊತೆ ಒಂದು ಪೆನ್‌ಡ್ರೈವ್ ಕೊಡಲಿ. ಹಾರ್ಡ್‌ಡಿಸ್ಕ್ ಅಳಿಸೋ ಮುಂಚೆ ಡ್ರೈವರ್‌ಗಳನ್ನ ಹೊರಗೆ ತೆಗೆಯೋ ಕಮ್ಯಾಂಡ್ ವಿಂಡೋಸ್ 10ರಲ್ಲೇ ಇದೆ, ಐದು ನಿಮಿಷದ ಕೆಲಸ. ನೆಂಟರ ಮನೆಗೆ ಹಸು ಹೊಡೆದು ಕಳಿಸೋವಾಗ ಅದು ಯಾವ ಮೇವು ತಿನ್ನುತ್ತೆ ಅಂತ ಹೇಳಿ ಕಳಿಸಲ್ವಾ, ಹಾಗೆ.

ಪಂಚಾಯ್ತಿ ಆಫೀಸು, ಶಾಲೆ, ಸೊಸೈಟಿ, ಹಾಲಿನ ಡೈರಿ ಎಲ್ಲೇ ಕಂಪ್ಯೂಟರ್ ಇರಲಿ, ಡಬ್ಬದ ಪಕ್ಕ ಒಂದು ಚೀಟಿ ಅಂಟಿಸಿ. ಬೋರ್ಡಿನ ಮಾದರಿ, ನೆಟ್‌ವರ್ಕ್ ಐಡಿ, ಹಾಕಿದ ತಾರೀಖು. ಆಯುಧ ಪೂಜೆಗೆ ಹೇಗಿದ್ರೂ ಅರಿಶಿನ ಕುಂಕುಮ ಹಚ್ತೀರಿ, ಈ ವರ್ಷ ಅದರ ಜೊತೆ ಈ ಚೀಟಿನೂ ಅಂಟಿಸಿ :-)

ರಿಪೇರಿ ಹುಡುಗರಿಗೆ ಒಂದು ಮಾತು. ತಮ್ಮಾ, ಫಾರ್ಮ್ಯಾಟ್ ಮಾಡೋದೇ ರಿಪೇರಿ ಅಲ್ಲ. ಹಳದಿ ಗುರುತು ನೋಡಿ "ಬೋರ್ಡ್ ಹೋಗಿದೆ" ಅನ್ನಬೇಡ. ನಿನಗೂ ಹೊಸ ಕಂಪ್ಯೂಟರ್ ಮಾರಿ ನಾಲ್ಕು ಕಾಸು ಸಿಗಬೇಕು, ಗೊತ್ತು. ಆದರೆ ಡ್ರೈವರ್ ಹಾಕಿಕೊಟ್ಟವನನ್ನ ಊರು ಮತ್ತೆ ಮತ್ತೆ ಕರೆಯುತ್ತೆ.

ಕಡೆಯದಾಗಿ, ಇದನ್ನೆಲ್ಲ ಕನ್ನಡದಲ್ಲಿ ಬರೆಯೋರು ಬೇಕು. ಇಂಗ್ಲಿಷ್‌ನಲ್ಲಿ ಹುಡುಕಿದರೆ ಸಾವಿರ ಪುಟ ಸಿಗುತ್ತೆ. ಕನ್ನಡದಲ್ಲಿ ಹುಡುಕಿದರೆ ಕೈಬೆರಳೆಣಿಕೆ. ಆ ಶಾಲೆಯಲ್ಲಿ ನನ್ನ ಪಕ್ಕ ನಿಂತು ನೋಡ್ತಿದ್ದ ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗಿ, ಮೂರನೇ ಕಂಪ್ಯೂಟರ್ ಹೊತ್ತಿಗೆ "ಅಣ್ಣ, ಇದಕ್ಕೆ ನಾನು ಹಾಕ್ಲಾ?" ಅಂತ ಕೇಳಿ ತಾನೇ ಹಾಕಿದಳು. 8086 ಅಂದ್ರೆ ಇಂಟೆಲ್ ಅಂತ ಅವಳಿಗೆ ಈಗ ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ಅಂಥ ಒಬ್ಬಳು ಪ್ರತಿ ಊರಿನಲ್ಲಿ ಇದ್ದರೆ "ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ" ಅನ್ನೋ ಮಾತಿಗೆ "ಯಾಕಿಲ್ಲ? ಎಲ್ಲಿ, ತೋರಿಸಿ" ಅಂತ ಕೇಳೋರು ಹುಟ್ಟುತ್ತಾರೆ.

ನಿಮ್ಮ ಮನೆ ಅಟ್ಟದ ಮೇಲೆ ಒಂದು ಹಳೇ ಡಬ್ಬ ಇದ್ದೇ ಇರುತ್ತೆ. ಈ ಭಾನುವಾರ ಇಳಿಸಿ, ಧೂಳು ಒರೆಸಿ, ಐಡಿ ಓದಿ ನೋಡಿ. ಡ್ರೈವರ್ ಸಿಕ್ಕರೆ ಹತ್ತಿರದ ಶಾಲೆಗೆ ಕೊಡಿ. ಪೆನ್‌ಡ್ರೈವ್ ಜೊತೆ ಕೊಡೋದು ಮರೀಬೇಡಿ!